ಗ್ಯಾರೇಜಿನಲ್ಲಿ ಮಾತ್ರ ಸಾಧು

ಶಾಲೆಯ ಗೇಟಿನ ಮುಂದೆ ವ್ಯಾನಿನ ಎಂಜಿನ್ ಆರನೇ ಸಲವೂ ಗರಗರ ತಿರುಗಿ ಸುಮ್ಮನಾಯಿತು. ಟೈಲರಮ್ಮ ಕೀಯನ್ನು ಹಿಂದಕ್ಕೆ ತಿರುಗಿಸಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಹತ್ತು ಎಣಿಸಿ ಮತ್ತೆ ತಿರುಗಿಸಬೇಕು, ಒಂದೇ ಸಮನೆ ತಿರುಗಿಸುತ್ತಿದ್ದರೆ ಬ್ಯಾಟರಿಯೂ ಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ಆದರೆ ಅವಳು ಎಣಿಸುತ್ತಿದ್ದುದು ಹತ್ತನ್ನಲ್ಲ, ಹಿಂದಿನ ಸೀಟಿನಲ್ಲಿ ಕೂತ ಮಗಳ ಉಸಿರನ್ನು.

"ಅಮ್ಮ, ನನಗೇನೂ ಆಗಿಲ್ಲ," ಎಂದಳು ಎಂಟು ವರ್ಷದ ಗುಬ್ಬಿ. "ನೀನು ಕೇಳಿಸ್ಕೋಬೇಡ."

"ಯಾರು ಕೇಳಿಸ್ಕೊಂಡ್ರು?"

"ನೀನೇ. ಕೇಳಿಸ್ಕೊಳ್ಳುವಾಗ ನಿನ್ನ ಕಿವಿ ಕೆಂಪಾಗುತ್ತೆ."

ಹಿಂದೆ ನಿಂತ ಕಾರಿನವನು ಹಾರ್ನ್ ಒತ್ತಿಹಿಡಿದ. ಟೈಲರಮ್ಮ ಏಳನೇ ಸಲ ತಿರುಗಿಸಿದಳು. ಏನೂ ಆಗಿಯೇ ಇಲ್ಲವೇನೋ ಎಂಬಂತೆ ಎಂಜಿನ್ ಹೊತ್ತಿಕೊಂಡಿತು. ಅವಳ ಬೆನ್ನು ಮಾತ್ರ ಮನೆ ಮುಟ್ಟುವವರೆಗೂ ಸೀಟಿಗೆ ಒರಗಲಿಲ್ಲ.

ಗುಬ್ಬಿಗೆ ಉಬ್ಬಸ. ಸಾಮಾನ್ಯ ದಿನಗಳಲ್ಲಿ ಬಾಯಿಗೆ ಎರಡು ಸಲ ಔಷಧಿಯ ಪಂಪು ಹೊಡೆದರೆ ಇಳಿಯುತ್ತಿತ್ತು. ವರ್ಷಕ್ಕೆ ಮೂರೋ ನಾಲ್ಕೋ ಸಲ ಇಳಿಯುತ್ತಿರಲಿಲ್ಲ. ಆಗ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ತುಟಿ ಬಣ್ಣ ಬದಲಾಗುತ್ತಿತ್ತು. ದೊಡ್ಡಾಸ್ಪತ್ರೆ ಸೇತುವೆಯಾಚೆ, ಇಪ್ಪತ್ತೈದು ನಿಮಿಷದ ದಾರಿ. ಆಂಬುಲೆನ್ಸ್ ಕರೆದರೆ ಅದು ಆ ಕಡೆಯಿಂದ ಬಂದು ಮತ್ತೆ ಆ ಕಡೆಗೇ ಹೋಗಬೇಕು. ಮಗುವಿನ ಅಪ್ಪ ದೂರದ ಊರುಗಳಲ್ಲಿ ವಿದ್ಯುತ್ ಗೋಪುರ ನಿಲ್ಲಿಸುವ ಕೆಲಸದವನು, ಎರಡು ತಿಂಗಳಿಗೊಮ್ಮೆ ಬಂದರೆ ಬಂದ. ಹಾಗಾಗಿ ಮನೆಯ ಮುಂದಿನ ಆ ಹಳೇ ಬಿಳಿ ವ್ಯಾನು ಅವಳ ಪಾಲಿಗೆ ವಾಹನವಾಗಿರಲಿಲ್ಲ. ಮಗಳ ಮೂರನೆಯ ಶ್ವಾಸಕೋಶವಾಗಿತ್ತು. ಅದೀಗ ಮನಸ್ಸು ಬಂದರೆ ಉಸಿರಾಡುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಮನೆಗೆ ಬಂದಾಗ ಅತ್ತೆ ಹೊಲಿಗೆ ಕೋಣೆಯಲ್ಲಿ ಕೂತು, ತುಂಡುಬಟ್ಟೆಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ಇವತ್ತು ಎಷ್ಟನೇ ಸಲಕ್ಕೆ ಕರುಣೆ ಬಂತು ಮಹಾರಾಯನಿಗೆ?"

"ಏಳನೇದಕ್ಕೆ."

"ನಿನ್ನ ಮಾವನೂ ಹಾಗೇ ಇದ್ರು. ಬೆಳಿಗ್ಗೆ ಏಳು ಸಲ ಕರೆದ್ರೆ ಒಂದು ಸಲ ಏಳೋರು."

ಟೈಲರಮ್ಮ ನಗಲಿಲ್ಲ. ಎರಡು ತಿಂಗಳಿಂದ ಅವಳು ಅತ್ತೆಯ ಮಾತಿಗೆ ನಕ್ಕಿರಲಿಲ್ಲ. ಕೀ ರಿಂಗನ್ನು ಕೊರಳಿಗೆ ಹಾಕಿಕೊಂಡಿದ್ದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸಿ ಮೆಷಿನ್ನಿನ ಮುಂದೆ ಕೂತಳು. ರಿಂಗಿನಲ್ಲಿ ಎರಡು ಕೀಗಳಿದ್ದವು, ಎರಡೂ ಅದೇ ವ್ಯಾನಿನವು.

ಅದಕ್ಕೊಂದು ಕಾರಣವಿತ್ತು. ಎರಡು ತಿಂಗಳ ಹಿಂದೆ ಒಂದು ಭಾನುವಾರ ಮಗುವಿಗೆ ಉಬ್ಬಸ ಏರಿದಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಕೀ ಇರಲಿಲ್ಲ. ಹಾಸಿಗೆ ಕೊಡವಿದರು, ಅಡುಗೆಮನೆಯ ಪಾತ್ರೆಗಳನ್ನು ನೆಲಕ್ಕೆ ಸುರಿದರು. ಹನ್ನೊಂದು ನಿಮಿಷ. ಗೋಡೆ ಗಡಿಯಾರದ ಮುಳ್ಳನ್ನು ಅವಳು ಇಂದಿಗೂ ಕಣ್ಣಲ್ಲಿ ಹೊತ್ತು ತಿರುಗುತ್ತಿದ್ದಳು. ಕೊನೆಗೆ ಕೀ ಸಿಕ್ಕಿದ್ದು ಗುಂಡಿಗಳ ಡಬ್ಬಿಯಲ್ಲಿ. ಆ ಡಬ್ಬಿಯನ್ನು ಮುಟ್ಟುವವರು ಅತ್ತೆಯೊಬ್ಬರೇ.

"ನಾನಿಟ್ಟಿಲ್ಲ," ಎಂದಿದ್ದರು ಅತ್ತೆ.

"ಹಾಗಾದ್ರೆ ಅದೇ ನಡ್ಕೊಂಡು ಹೋಗಿ ಕೂತ್ಕೊಳ್ತಾ?" ಎಂದಿದ್ದಳು ಟೈಲರಮ್ಮ. ಸೊಸೆಯಾಗಿ ಬಂದ ಹನ್ನೆರಡು ವರ್ಷಗಳಲ್ಲಿ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಅದೇ ಮೊದಲು.

ಆಮೇಲೆ ಗಂಡನ ಬಳಿಯಿದ್ದ ಇನ್ನೊಂದು ಕೀಯನ್ನು ತರಿಸಿಕೊಂಡು ಎರಡನ್ನೂ ಒಂದೇ ರಿಂಗಿಗೆ ಹಾಕಿ ಕೊರಳಿಗೆ ಕಟ್ಟಿಕೊಂಡಳು. ಸ್ನಾನಕ್ಕೆ ಹೋದರೂ ಅದು ಅವಳ ಜೊತೆಗೇ. "ಕಳೆದ್ರೆ ಎರಡೂ ಒಟ್ಟಿಗೆ ಹೋಗುತ್ತಲ್ಲೇ," ಎಂದು ಅತ್ತೆ ಒಮ್ಮೆ ಕೇಳಿದ್ದರು. "ಒಂದು ಬೀಗದೊಳಗೇ ಮುರಿದ್ರೆ ಇನ್ನೊಂದು ಬೇಕಲ್ಲ," ಎಂದು ಅವಳು ತೇಲಿಸಿಬಿಟ್ಟಿದ್ದಳು. ಇನ್ನೊಂದು ಕೀ ಮನೆಯಲ್ಲಿ ಎಲ್ಲಿಟ್ಟರೂ ಅತ್ತೆಯ ಕೈಗೆ ಸಿಗುತ್ತದಲ್ಲ ಎಂಬುದು ಒಳಗಿನ ಮಾತು. ಅದು ಅತ್ತೆಗೂ ಗೊತ್ತಿತ್ತು.

ಮರುದಿನ ಅವಳು ವ್ಯಾನನ್ನು ಗ್ಯಾರೇಜಿಗೆ ಒಯ್ದಳು.

ಮೆಕ್ಯಾನಿಕ್ಕನ್ನು ಬೀದಿಯವರೆಲ್ಲ ಗೊಣಗಪ್ಪ ಎನ್ನುತ್ತಿದ್ದರು, ಎದುರಿಗಲ್ಲ. ಅರವತ್ತರ ಹತ್ತಿರದವನು. ಗಾಡಿಯ ಹೊಟ್ಟೆಯ ಕೆಳಗೆ ಮಲಗಿದಾಗಲೂ ಗೊಣಗುತ್ತಲೇ ಇರುತ್ತಿದ್ದ. ಗೊಣಗು ನಿಂತಿತೆಂದರೆ ಏನೋ ಸಿಕ್ಕಿತು ಎಂದು ಅರ್ಥ.

"ಏನು ಮಾಡುತ್ತೆ ಹೇಳು ತಂಗಿ. ಶಬ್ದಾನೇ ಬರಲ್ವಾ, ಇಲ್ಲಾ ತಿರುಗುತ್ತಾ?"

"ತಿರುಗುತ್ತೆ ಅಣ್ಣ. ಗರಗರ ಅಂತ ಚೆನ್ನಾಗೇ ತಿರುಗುತ್ತೆ. ಹೊತ್ಕೊಳ್ಳಲ್ಲ."

"ಹಾಗಾದ್ರೆ ಬ್ಯಾಟರಿ ಅಲ್ಲ, ಸ್ಟಾರ್ಟರ್ ಅಲ್ಲ. ಪೆಟ್ರೋಲು ಬರ್ತಿಲ್ಲ, ಇಲ್ಲಾ ಕಿಡಿ ಬರ್ತಿಲ್ಲ. ಯಾವಾಗಿಂದ?"

"ಒಂದೂವರೆ ತಿಂಗಳಾಯ್ತು."

"ಅದಕ್ಕೆ ಮುಂಚೆ ಗಾಡಿಗೆ ಏನಾದ್ರೂ ಮಾಡಿಸಿದ್ಯಾ? ರೇಡಿಯೋ, ಲೈಟು, ಏನಾದ್ರೂ?"

"ಗಾಡಿಗೆ ಏನೂ ಮಾಡಿಸಿಲ್ಲ," ಎಂದಳು. ಅದು ನಿಜವೇ ಆಗಿತ್ತು.

ರಿಂಗಿನಿಂದ ಒಂದು ಕೀ ಬಿಡಿಸಿ ಅವನ ಕೈಗಿಟ್ಟಳು. ಇನ್ನೊಂದನ್ನು ಕೊರಳಲ್ಲೇ ಉಳಿಸಿಕೊಂಡಳು.

ವ್ಯಾನು ನಾಲ್ಕು ದಿನ ಅಲ್ಲಿತ್ತು. ಆ ನಾಲ್ಕು ದಿನ ಅವಳು ಗುಬ್ಬಿಯನ್ನು ಶಾಲೆಗೆ ಕಳಿಸಲಿಲ್ಲ. ಕಿಟಕಿ ಮುಚ್ಚಿ, ನೆಲವನ್ನು ದಿನಕ್ಕೆ ಮೂರು ಸಲ ಒದ್ದೆಬಟ್ಟೆಯಲ್ಲಿ ಒರೆಸಿ, ಮಗು ಸೀನಿದರೆ ಮೆಷಿನ್ ನಿಲ್ಲಿಸಿ ನೋಡಿದಳು. ಒಂದು ಕೋಟಿನ ಎರಡು ತೋಳನ್ನೂ ಎಡಗಡೆಗೇ ಹೊಲಿದು ಮತ್ತೆ ಬಿಚ್ಚಿದಳು. ಐದನೇ ದಿನ ಗ್ಯಾರೇಜಿಗೆ ಹೋದಾಗ ಗೊಣಗಪ್ಪ ಗೋಡೆ ತೋರಿಸಿದ. ಅಲ್ಲಿ ಸೀಮೆಸುಣ್ಣದ ಗೀಟುಗಳಿದ್ದವು, ನಲವತ್ತೊಂದು.

"ನಲವತ್ತೊಂದು ಸಲ ಹಚ್ಚಿದೀನಿ. ಬೆಳಿಗ್ಗೆ ತಣ್ಣಗಿದ್ದಾಗ, ಮಧ್ಯಾಹ್ನ ಕಾದಾಗ, ಓಡಿಸಿ ಬಂದು ತಕ್ಷಣ. ನಲವತ್ತೊಂದು ಸಲಾನೂ ಒಂದೇ ಏಟಿಗೆ. ಫಿಲ್ಟರ್ ಬದಲಾಯಿಸಿದೀನಿ, ಪಂಪಿನ ರಿಲೇ ಬದಲಾಯಿಸಿದೀನಿ, ಅರ್ಥಿಂಗ್ ವೈರು ಉಜ್ಜಿದೀನಿ. ಆದ್ರೆ ಒಂದು ಮಾತು ಹೇಳ್ತೀನಿ ಕೇಳು. ಕೆಡದೇ ಇರೋದನ್ನ ನಾನು ರಿಪೇರಿ ಮಾಡಕ್ಕಾಗಲ್ಲ. ನನ್ನ ಮುಂದೆ ಅದು ಸಾಧು."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ ಅಣ್ಣ?"

"ಸುಳ್ಳು ಹೇಳೋರು ಇಷ್ಟು ಸೊರಗಿರಲ್ಲ," ಎಂದು ಗೊಣಗಿದ. "ಒಂದು ಪುಸ್ತಕ ಇಟ್ಕೊ. ಪ್ರತಿ ಸಲ ಹಚ್ಚಿದಾಗ ಬರಿ. ಹೊತ್ತು, ಬಿಸಿಲೋ ಚಳಿಯೋ, ಟ್ಯಾಂಕಲ್ಲಿ ಎಷ್ಟಿತ್ತು, ಯಾರು ಯಾರು ಕೂತಿದ್ರು. ಎಲ್ಲಾ."

ಅವಳು ಬರೆದಳು. ಗಿರಾಕಿಗಳ ಸೊಂಟ, ಭುಜ, ತೋಳಿನ ಅಳತೆ ಬರೆಯುವ ಪುಸ್ತಕದಲ್ಲೇ ಹಿಂದಿನಿಂದ ಶುರುಮಾಡಿ ಬರೆದಳು. ಸೋಮವಾರ ಬೆಳಿಗ್ಗೆ, ಮೋಡ, ಅರ್ಧ ಟ್ಯಾಂಕು, ಮೂರನೇ ಸಲಕ್ಕೆ. ಸೋಮವಾರ ಸಂಜೆ, ಮೊದಲನೇ ಸಲಕ್ಕೆ. ಮಂಗಳವಾರ, ಬಿಸಿಲು, ಒಂಬತ್ತು. ವಾರ ಕಳೆಯುವ ಹೊತ್ತಿಗೆ ಎರಡು ಪುಟ ತುಂಬಿತು. ಎಷ್ಟು ಸಲ ಓದಿದರೂ ಅದಕ್ಕೆ ತಲೆಬುಡ ಇರಲಿಲ್ಲ. ಒಂದು ನಿಯಮ ಅಂತ ಇದ್ದಿದ್ದರೆ ಅವಳು ಅದಕ್ಕೆ ಹೊಂದಿಕೊಳ್ಳುತ್ತಿದ್ದಳು. ಬಿಸಿಲಲ್ಲಿ ಕೆಡುತ್ತದೆ ಎಂದಿದ್ದರೆ ಹಗಲಿಡೀ ನೆರಳಲ್ಲಿ ಕಾಯುತ್ತಿದ್ದಳು. ನಿಯಮವಿಲ್ಲದ್ದಕ್ಕೆ ಹೆದರುವುದನ್ನು ಬಿಟ್ಟು ಬೇರೇನು ಮಾಡಲು ಸಾಧ್ಯ?

ಅತ್ತೆ ಕನ್ನಡಕ ಏರಿಸಿ ಪುಸ್ತಕ ನೋಡಿದರು. "ಇದೇನೇ, 'ಅತ್ತೆ ಕೂತಿದ್ದರು, ಐದು ಸಲ' ಅಂತ? ನನ್ನನ್ನೂ ಬಿಡಿಭಾಗಕ್ಕೆ ಸೇರಿಸಿಬಿಟ್ಯಾ?"

"ಮೆಕ್ಯಾನಿಕ್ ಎಲ್ಲಾ ಬರಿ ಅಂದಿದ್ದಾರೆ."

"ಹಾಗಾದ್ರೆ ನನ್ನನ್ನ ಬಿಚ್ಚಿ ಎಣ್ಣೆ ಹಾಕಿಸು. ಮಂಡಿ ಕಿರುಗುಟ್ಟುತ್ತೆ, ಅದೂ ಸರಿಹೋಗಲಿ."

ಗುಬ್ಬಿ ಬಿದ್ದು ಬಿದ್ದು ನಕ್ಕಳು. ನಗು ಕೆಮ್ಮಾಯಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಕೆಮ್ಮು ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

ಶನಿವಾರ ಗೊಣಗಪ್ಪನೇ ಮನೆಗೆ ಬಂದ. ಅವತ್ತು ಬೆಳಿಗ್ಗೆ ಹದಿಮೂರು ಸಲ ತಿರುಗಿಸಿದರೂ ವ್ಯಾನು ಹೊತ್ತಿರಲಿಲ್ಲ. "ಕೀ ಕೊಡು" ಎಂದ. ಅವಳು ವ್ಯಾನಿನಿಂದ ಇಳಿದು, ರಿಂಗಿನಿಂದ ಒಂದನ್ನು ಬಿಡಿಸಿಕೊಟ್ಟಳು. ಅವನು ಕೂತು ತಿರುಗಿಸಿದ. ಒಂದೇ ಏಟಿಗೆ ಎಂಜಿನ್ ಗುಂಯ್ ಎಂದಿತು. ಟೈಲರಮ್ಮನಿಗೆ ಅಳು ಬಂತು. ಗೊಣಗಪ್ಪ ಇಳಿದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟ.

"ನಾಚಿಕೆ ಆಗುತ್ತೆ ತಂಗಿ," ಎಂದ. "ಮೂವತ್ತೆಂಟು ವರ್ಷ ಈ ಕೆಲಸ ಮಾಡಿದೀನಿ. ಯಾವತ್ತು ಹಠ ಹಿಡಿದು ನಿಂತುಬಿಡುತ್ತೋ ಆವತ್ತು ಅದನ್ನ ಮುಟ್ಟಬೇಡ, ಕೀಯನ್ನೂ ತೆಗೀಬೇಡ. ಇದ್ದದ್ದು ಇದ್ದ ಹಾಗೇ ಬಿಟ್ಟು ನನಗೆ ಫೋನ್ ಮಾಡು."

ಆ ದಿನ ಬಂದದ್ದು ಮುಂದಿನ ಬುಧವಾರ, ಮಧ್ಯಾಹ್ನ ಎರಡೂವರೆಗೆ.

ಎದುರಿನ ಕಟ್ಟಡದಲ್ಲಿ ಹಳೇ ಗೋಡೆ ಕೆಡವುತ್ತಿದ್ದರು. ಶಾಲೆಯಿಂದ ಬೇಗ ಬಂದಿದ್ದ ಗುಬ್ಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಟೈಲರಮ್ಮ ಒಳಗೆ ಕಾಲರು ತಿರುಗಿಸುತ್ತಿದ್ದಳು. ಮೆಷಿನ್ ಸದ್ದು ನಿಂತಾಗ ಇನ್ನೊಂದು ಸದ್ದು ಕೇಳಿಸಿತು, ತೆಳ್ಳಗೆ, ಸಿಳ್ಳೆಯ ಹಾಗೆ. ಅವಳು ಎದ್ದು ಬಾಗಿಲಿಗೆ ಓಡಿದಳು.

ಪಂಪು ಎರಡು ಸಲ, ನಾಲ್ಕು ಸಲ. ಇಳಿಯಲಿಲ್ಲ. ಗುಬ್ಬಿಯ ಭುಜಗಳು ಕಿವಿಯವರೆಗೆ ಏರುತ್ತಿದ್ದವು. ಕತ್ತಿನ ಗುಳಿ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ಮಾತಾಡಲು ಹೋದ ಮಗು ಒಂದೇ ಅಕ್ಷರಕ್ಕೆ ನಿಂತುಬಿಟ್ಟಿತು.

"ಎತ್ಕೊ, ಎತ್ಕೊ," ಎಂದರು ಅತ್ತೆ. ಅಷ್ಟರಲ್ಲಿ ಅವರೇ ವ್ಯಾನಿನ ಬಾಗಿಲು ತೆರೆದು ಹಿಂದೆ ಕೂತು ಮಡಿಲು ಒಡ್ಡಿದ್ದರು.

ಟೈಲರಮ್ಮ ಕೀ ತಿರುಗಿಸಿದಳು. ಗರಗರ. ನಿಂತಿತು. ಮತ್ತೆ. ಗರಗರ. ಮತ್ತೆ. ಅಕ್ಕಪಕ್ಕದ ಮನೆಗಳ ಮುಂದೆ ಒಂದು ಗಾಡಿಯೂ ಇರಲಿಲ್ಲ, ಎಲ್ಲರೂ ಕೆಲಸಕ್ಕೆ ಹೋದ ಹೊತ್ತು. ಮತ್ತೆ. ಅವಳ ಬೆರಳಿಗೆ ಕೀಯ ಅರಿವೇ ಹೋಗಿತ್ತು. ಗೊಣಗಪ್ಪನ ನಂಬರು ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಪಕ್ಕದ ಸೀಟಿನ ಮೇಲೆ ಎಸೆದಳು.

"ಅಣ್ಣ, ಹೊತ್ಕೊಳ್ತಿಲ್ಲ! ಮಗು ಉಸಿರು—"

"ಮುಟ್ಟಬೇಡ!" ಗೊಣಗಪ್ಪನ ದನಿ ಗ್ಯಾರೇಜಿನ ತಗಡಿನಡಿಯಿಂದ ಬಂತು. "ನಾನು ಬರೋಷ್ಟು ಹೊತ್ತಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಹೇಳು. ಮುಂದೆ ಗಾಜಿನೊಳಗೆ ಯಾವ ಯಾವ ದೀಪ ಉರೀತಿದೆ?"

"ಎಣ್ಣೆದು. ಬ್ಯಾಟರಿದು. ಕೀಲಿದು."

"ಕೀಲಿದು? ಕೀಲಿ ಚಿತ್ರ ಇರೋದಾ? ಸುಮ್ಮನೆ ಉರೀತಿದ್ಯಾ, ಮಿನುಗ್ತಿದ್ಯಾ?"

"ಮಿನುಗ್ತಿದೆ. ಕೆಂಪಗೆ. ಯಾವಾಗ್ಲೂ ಹಾಗೇ ಮಿನುಗುತ್ತೆ, ಕೀ ಹಾಕಿದೆ ಅಂತ ಹೇಳೋಕೆ."

ಗೊಣಗು ನಿಂತಿತು. ಹಿಂದಿನ ಸೀಟಿನ ಸಿಳ್ಳೆಯೊಂದೇ ಕೇಳಿಸುತ್ತಿತ್ತು.

"ತಂಗಿ, ಆ ರಿಂಗಿನಲ್ಲಿ ಈಗ ಎಷ್ಟು ಕೀ ಇದೆ?"

"ಎರಡು."

"ಎರಡೂ ಈ ಗಾಡಿದೇನಾ? ನನಗೆ ಒಂದೇ ಕೊಟ್ಟಿದ್ಯಲ್ಲ ನೀನು?"

"ಇನ್ನೊಂದು ನನ್ನ ಕೊರಳಲ್ಲಿತ್ತು."

"ಅಯ್ಯೋ ನನ್ನ ತಾಯಿ! ಒಂದನ್ನ ಬಿಚ್ಚು. ಬಿಚ್ಚಿ ದೂರ ಇಡು. ಹತ್ತಿರ ಇರಕೂಡದು, ಆಚೆ ಕಳಿಸು. ಆಮೇಲೆ ಹಚ್ಚು."

ಅವಳು ರಿಂಗನ್ನು ಹೊರಗೆಳೆದಳು. ಉಗುರು ರಿಂಗಿನ ಸಂದಿಗೆ ಇಳಿಯಲೊಲ್ಲದು. ಇಳಿಯಿತು. ಕೀ ಕೈಗೆ ಬಂತು. ಎಲ್ಲಿಡಬೇಕು? ಸೀಟಿನ ಮೇಲಿಟ್ಟರೆ ಸಂದಿಗೆ ಜಾರುತ್ತದೆ. ಕಿಟಕಿಯಿಂದ ಎಸೆದರೆ ಚರಂಡಿ. ಇದೊಂದು ಹೋಗಿ ಇನ್ನೊಂದೂ ಕೈಕೊಟ್ಟರೆ? ಎರಡು ತಿಂಗಳು ಕೊರಳಲ್ಲಿ ಕಟ್ಟಿಕೊಂಡದ್ದನ್ನು ಬಿಡಲು ಆ ಬೆರಳುಗಳಿಗೆ ಬರಲಿಲ್ಲ. ಅವಳು ಕೀ ಹಿಡಿದು ಸುಮ್ಮನೆ ಕೂತುಬಿಟ್ಟಳು.

ಹಿಂದಿನಿಂದ ಅತ್ತೆಯ ಕೈ ಅವಳ ಭುಜದ ಪಕ್ಕದಲ್ಲಿ ಮುಂದೆ ಬಂತು. ಅಂಗೈ ಬಿಚ್ಚಿತ್ತು.

"ಕೊಡೇ."

ಟೈಲರಮ್ಮ ಕನ್ನಡಿಯಲ್ಲಿ ನೋಡಿದಳು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಅವರ ಎದೆಗೊರಗಿದ ಮಗುವಿನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಕೀಯನ್ನು ಆ ಅಂಗೈಯಲ್ಲಿಟ್ಟಳು. ಬೆರಳುಗಳು ಮುಚ್ಚಿಕೊಂಡು ಹಿಂದಕ್ಕೆ ಹೋದವು.

ಉಳಿದ ಕೀಯನ್ನು ಹಾಕಿದಳು. ಕೆಂಪು ದೀಪ ಒಮ್ಮೆ ಉರಿದು ಆರಿಹೋಯಿತು. ಅದು ಆರುವುದನ್ನು ಇಷ್ಟು ದಿನಗಳಲ್ಲಿ ಎಷ್ಟೋ ಸಲ ನೋಡಿದ್ದಿರಬಹುದು, ಗಮನಿಸಿದ್ದು ಈಗಲೇ. ತಿರುಗಿಸಿದಳು. ಎಂಜಿನ್ ಹೊತ್ತಿಕೊಂಡಿತು.

ಸೇತುವೆಯ ಮೇಲೆ ಅವಳು ಯಾರಿಗೂ ದಾರಿ ಬಿಡಲಿಲ್ಲ. ಹಿಂದೆ ಅತ್ತೆ ಒಂದೇ ಮಾತನ್ನು ಹೇಳುತ್ತಿದ್ದರು, "ಮೂಗಲ್ಲಿ ಎಳಿ ಮರಿ, ಬಾಯಲ್ಲಿ ಬಿಡು. ಎಳಿ. ಬಿಡು." ಒಂದು ಕಡೆ ಆ ಮಾತು ನಿಂತಿತು. ಟೈಲರಮ್ಮನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಅತ್ತೆ!" ಎಂದು ಕೂಗಿದಳು.

"ಇದ್ದಾಳೆ, ಇದ್ದಾಳೆ. ನನ್ನ ಗಂಟಲು ಒಣಗ್ತು ಅಷ್ಟೆ. ನೀನು ಓಡಿಸು."

ಆಸ್ಪತ್ರೆಯವರು ಮಗುವನ್ನು ಅತ್ತೆಯ ಕೈಯಿಂದ ಎತ್ತಿಕೊಂಡೇ ಒಳಗೆ ಓಡಿದರು. ಮುಖಕ್ಕೆ ಹಬೆಯ ಮುಖವಾಡ ಹಾಕಿ, ತೋಳಿಗೆ ಸೂಜಿ ಚುಚ್ಚಿ, ಪರದೆ ಎಳೆದರು. ಟೈಲರಮ್ಮ ಪರದೆಯ ಅಂಚು ಹಿಡಿದು ನಿಂತಿದ್ದಾಗ ಹೊರಗಿನಿಂದ ಕಾವಲುಗಾರ ಕೂಗಿದ, "ಬಿಳಿ ವ್ಯಾನ್ ಯಾರದ್ರೀ? ಬಾಗಿಲಿಗೇ ಅಡ್ಡ ನಿಲ್ಲಿಸಿದ್ದೀರಿ, ತೆಗೀರಿ!"

ಅವಳು ಹೋಗಿ ಕೂತಳು. ಕೈ ಕೀಯ ಮೇಲೆ ಹೋಗಲಿಲ್ಲ. ಹೊತ್ತಿಕೊಳ್ಳದಿದ್ದರೆ? ಆಗಿನದು ಬರೀ ಅದೃಷ್ಟವಾಗಿದ್ದರೆ? ತಿರುಗಿಸಿದಳು, ಹೊತ್ತಿಕೊಂಡಿತು. ಗಾಡಿಯನ್ನು ಗೋಡೆಯ ಪಕ್ಕಕ್ಕೆ ತಂದು ಆರಿಸಿದಳು. ಮತ್ತೆ ಹಚ್ಚಿದಳು. ಆರಿಸಿದಳು. ಹಚ್ಚಿದಳು. ಎಂಟನೇ ಸಲಕ್ಕೆ ಕಾವಲುಗಾರ ಕಿಟಕಿ ತಟ್ಟಿದ.

"ಏನಮ್ಮ, ಒಳಗೆ ಮಗುವನ್ನ ಬಿಟ್ಟು ಇಲ್ಲಿ ಆಟ ಆಡ್ತಿದ್ದೀರಾ?"

"ಇಲ್ಲಣ್ಣ," ಎಂದಳು. ಅವಳಿಗೆ ನಗು ಬಂತೋ ಅಳು ಬಂತೋ ಅವನಿಗೆ ತಿಳಿಯಲಿಲ್ಲ.

ಗೊಣಗಪ್ಪ ಫೋನಿನಲ್ಲಿ ಮೊದಲು ಮಗುವನ್ನು ಕೇಳಿದ. ಆಮೇಲೆ ಹೇಳಿದ, "ಆ ಕೀ ತಲೆಯೊಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ ಇರುತ್ತೆ ತಂಗಿ. ಕೀ ಹಾಕಿದ ತಕ್ಷಣ ಗಾಡಿ 'ಯಾರು?' ಅಂತ ಕೇಳುತ್ತೆ, ಚಿಪ್ 'ನಾನು' ಅನ್ನುತ್ತೆ. ಎರಡು ಕೀ ಅಂಟಿಕೊಂಡು ಒಟ್ಟಿಗೇ ನಾನು ನಾನು ಅಂತ ಕೂಗಿದ್ರೆ ಗಾಡಿಗೆ ಒಂದೂ ಕೇಳಲ್ಲ. ಕಳ್ಳ ಬಂದ ಅಂತ ಪೆಟ್ರೋಲ್ ನಿಲ್ಲಿಸುತ್ತೆ. ರಿಂಗು ತೂಗಾಡಿ ಇನ್ನೊಂದು ಆಚೆ ಸರಿದ್ರೆ ಕೇಳುತ್ತೆ, ಹೊತ್ಕೊಳ್ಳುತ್ತೆ. ಎರಡನ್ನ ಒಂದು ಗೇಣು ದೂರ ಇಡು, ಸಾಕು. ನಾನು ಕೇಳಬೇಕಿತ್ತು. ಆ ಒಂದು ಪ್ರಶ್ನೆ ನಾನು ಕೇಳಲಿಲ್ಲ."

ಅವಳು ಒಳಗೆ ಬಂದಾಗ ಪರದೆ ಸರಿದಿತ್ತು. ಗುಬ್ಬಿಯ ತುಟಿಗೆ ಬಣ್ಣ ಬರುತ್ತಿತ್ತು. ನಾಳೆಯವರೆಗೆ ಇಲ್ಲೇ ಇರಲಿ ಎಂದರು ಡಾಕ್ಟರು. ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು, ಮುಷ್ಟಿ ಇನ್ನೂ ಬಿಗಿದಿತ್ತು. ಸೊಸೆಯನ್ನು ನೋಡಿ ಅದನ್ನು ಬಿಚ್ಚಿದರು. ಅಂಗೈಯಲ್ಲಿ ಕೀಯ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು.

"ತಗೋ ಮಾರಾಯ್ತಿ. ನಿನ್ನ ಹತ್ರಾನೇ ಇರಲಿ."

"ಒಂದು ನಿಮ್ಮ ಹತ್ರ ಇರಬೇಕು ಅತ್ತೆ. ಎರಡೂ ಒಟ್ಟಿಗೆ ಇರಬಾರದಂತೆ."

"ನನಗೆ ಬೇಡ." ಅತ್ತೆ ಕೀಯನ್ನು ಹಾಸಿಗೆಯ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡರು. ದನಿ ತಗ್ಗಿಸಿದರು. "ನನಗೆ ಭಯ ಕಣೇ. ಅವತ್ತು ನಾನು ಸುಳ್ಳು ಹೇಳಲಿಲ್ಲ. ಡಬ್ಬಿಯೊಳಗೆ ನಾನೇ ಇಟ್ಟಿರಬೇಕು, ಮತ್ತೆ ಯಾರಿಡ್ತಾರೆ? ಆದ್ರೆ ಇಟ್ಟದ್ದು ನೆನಪೇ ಇಲ್ಲ. ಈಗೀಗ ಹಾಗೆ ಆಗುತ್ತೆ. ಮೊನ್ನೆ ಹಾಲು ಒಲೆ ಮೇಲಿಟ್ಟು ಮರೆತೆ, ನೀನು ನೋಡ್ಕೊಂಡೆ. ನೀನು ನೋಡದೇ ಇರೋದೂ ಎಷ್ಟೋ ಇದೆ. ಆ ಮಗು ಉಸಿರು ನನ್ನ ಕೈಗೆ ಕೊಡಬೇಡ."

ಎರಡು ತಿಂಗಳು ಒಂದೇ ಸೂರಿನಡಿ ಇಬ್ಬರೂ ಹೆದರಿಕೊಂಡೇ ಇದ್ದರು, ಒಬ್ಬರಿಗೊಬ್ಬರು ಹೇಳದೆ. ವ್ಯಾನಿನ ದೋಷ ತಿಳಿಯಿತು. ಈ ಮರೆವು ಹಾಗೆ ಒಂದು ಕೀ ಬಿಚ್ಚಿದರೆ ಹೋಗುವಂಥದಲ್ಲ ಎಂದು ಟೈಲರಮ್ಮನಿಗೆ ಗೊತ್ತಾಯಿತು.

ಅವಳು ತನ್ನ ಅಂಗಿಯ ಅಂಚಿಗೆ ಚುಚ್ಚಿಕೊಂಡಿದ್ದ ಪಿನ್ನು ಬಿಚ್ಚಿದಳು. ಅತ್ತೆಯ ಮುಂದೆ ಮಂಡಿಯೂರಿ ಕೂತು, ಅವರ ಉಡುಪಿನ ಒಳಮಡಿಕೆಯನ್ನು ತಿರುಗಿಸಿ, ಕೀಯನ್ನು ಅಲ್ಲಿ ಚುಚ್ಚಿ ಕೂರಿಸಿದಳು. ಎಳೆದು ನೋಡಿದಳು.

"ಮನೆಗೆ ಹೋದ ಮೇಲೆ ನಿಮ್ಮ ಬಟ್ಟೆಗೆಲ್ಲಾ ಒಂದೊಂದು ಜೇಬು ಹೊಲೀತೀನಿ. ದಿನಾ ಬೆಳಿಗ್ಗೆ ನಾನೇ ಕೀ ಇಟ್ಟು ಗುಂಡಿ ಹಾಕ್ತೀನಿ."

"ಮರೆತ್ರೆ?"

"ಮರೀರಿ. ಎಲ್ಲಿದೆ ಅಂತ ನೀವು ನೆನಪಿಟ್ಕೋಬೇಕಾಗಿಲ್ಲ, ನನಗೆ ಗೊತ್ತಿರುತ್ತಲ್ಲ. ನಿಮ್ಮನ್ನ ಹುಡುಕಿದ್ರೆ ಕೀ ಸಿಗುತ್ತೆ."

"ನಾನೇ ಕಳೆದುಹೋದ್ರೆ?" ಎಂದರು ಅತ್ತೆ. ತಮಾಷೆಯಂತೆ ಹೇಳಲು ಹೋದರು, ತುಟಿ ಅದುರಿತು.

ಟೈಲರಮ್ಮ ಆ ಕೈಯನ್ನು ಹಿಡಿದುಕೊಂಡಳು, ಕೀಯ ಗುರುತಿದ್ದ ಕೈ. ಮುಖವಾಡದೊಳಗಿಂದ ಗುಬ್ಬಿ ಏನೋ ಹೇಳಿದಳು. ಇಬ್ಬರೂ ಬಗ್ಗಿದರು.

"ಅಮ್ಮ," ಎಂದಿತು ಮಗು ಮೆಲ್ಲಗೆ, "ಅಜ್ಜಿ ಉಸಿರೂ ಜೋರಾಗಿ ಕೇಳಿಸ್ತಿದೆ. ಅವರಿಗೂ ಇದನ್ನ ಹಾಕ್ತಾರಾ?"